ಹದಿನಾರು ಕಿಲೋಮೀಟರಿನಲ್ಲಿ ಎರಡು ನೀಲಿ

ಫೆಬ್ರವರಿಯ ಕೊರೆಯುವ ಚಳಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಕ್ಯಾಮರನ್ ಒಳಾಂಗಣ ಕ್ರೀಡಾಂಗಣದ ಹೊರಗಿನ ಹುಲ್ಲಿನ ಮೇಲೆ ಡೇರೆಗಳ ಸಾಲು. ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಜಾಗ ಹಿಡಿಯಲು ವಿದ್ಯಾರ್ಥಿಗಳು ಸರದಿಯ ಮೇಲೆ ವಾರಗಟ್ಟಲೆ ಇಲ್ಲಿ ಮಲಗಿ ಎದ್ದಿದ್ದಾರೆ. ಪಠ್ಯಪುಸ್ತಕ, ಲ್ಯಾಪ್‌ಟಾಪ್, ಪಿಜ್ಜಾ ಡಬ್ಬಿ, ಒದ್ದೆ ಕಾಲುಚೀಲ ಎಲ್ಲವೂ ಡೇರೆಯೊಳಗೇ. ಪಂದ್ಯದ ದಿನ ಬಣ್ಣದ ಡಬ್ಬಿಗಳು ಬಾಯಿ ತೆರೆಯುತ್ತವೆ. ಮುಖ, ಕತ್ತು, ತೋಳು, ಚಳಿಗೆ ಸೆಟೆದ ಬರಿ ಎದೆ, ಎಲ್ಲಕ್ಕೂ ಕಡುನೀಲಿ ಮೆತ್ತಿಕೊಳ್ಳುತ್ತಾರೆ. 1940ರಲ್ಲಿ ತೆರೆದ ಈ ಕಲ್ಲುಕಟ್ಟಡ ಹಿಡಿಸುವುದು 9,314 ಮಂದಿಯನ್ನು ಮಾತ್ರ. ವಿದ್ಯಾರ್ಥಿಗಳ ಸಾಲು ಅಂಕಣದ ಗೆರೆಗೆ ತಾಗಿಕೊಂಡೇ ನಿಲ್ಲುತ್ತದೆ. ಎದುರಾಳಿ ಆಟಗಾರ ಬದಿಯಿಂದ ಚೆಂಡೆಸೆಯಲು ಬಂದರೆ ನೂರಾರು ನೀಲಿ ಕೈಗಳು ಅವನ ಬೆನ್ನ ಹಿಂದೆಯೇ ಕುಣಿಯುತ್ತವೆ.

ಅಷ್ಟರಲ್ಲಿ ಒಳಬಾಗಿಲಿನಿಂದ ಇನ್ನೊಂದು ನೀಲಿ ಓಡಿ ಬರುತ್ತದೆ. ಇದು ತಿಳಿನೀಲಿ. ಹದಿನಾರು ಕಿಲೋಮೀಟರ್ ಆಚೆಯ ಚಾಪೆಲ್ ಹಿಲ್‌ನಿಂದ ಬಂದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡ. ಚಾವಣಿ ಹಾರಿಹೋಗುವಷ್ಟು ಕೂಗು. ದೇವರು ನಮ್ಮ ಪಕ್ಷದವನಲ್ಲದಿದ್ದರೆ ಆಕಾಶಕ್ಕೆ ಈ ಬಣ್ಣವನ್ನೇಕೆ ಬಳಿದ ಎಂದು ಕೇಳುವ ಸ್ಟಿಕರನ್ನು ಕಾರಿಗೆ ಅಂಟಿಸಿಕೊಂಡು ತಿರುಗುವ ಊರು ಅದು. ಈ ಎರಡು ಊರುಗಳ ನಡುವಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಲ್ಲಿ ನಮ್ಮ ಕನ್ನಡಿಗರೂ ದುಡಿಯುತ್ತಾರೆ. ಅಲ್ಲಿ ನೆಲೆಸಿದವರಿಗೆ ಯಾವ ನೀಲಿ ನಿಮ್ಮದು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ತಮಾಷೆಯೆಂದರೆ, ಜನವೆಲ್ಲ ಕಡುನೀಲಿಯಲ್ಲಿ ಮುಳುಗಿರುವ ಈ ಅಂಗಳದಲ್ಲಿ ಡ್ಯೂಕ್ ಆಟಗಾರರು ಮಾತ್ರ ಬಿಳಿ ಜರ್ಸಿಯಲ್ಲಿರುತ್ತಾರೆ. ಆತಿಥೇಯರು ತಿಳಿಬಣ್ಣ ಉಡಬೇಕು, ಬಂದವರು ಗಾಢ ಬಣ್ಣ ಉಡಬೇಕು ಎಂಬುದು ಕಾಲೇಜು ಬ್ಯಾಸ್ಕೆಟ್‌ಬಾಲಿನ ಕಟ್ಟಳೆ. ಹೀಗಾಗಿ ಅಭಿಮಾನಿಯ ಮೈಮೇಲಿನ ಬಣ್ಣ ಆಟಗಾರನ ಮೈಮೇಲೆ ಬರಿ ಅಕ್ಷರ, ಅಂಚುಗಳಲ್ಲಿ ಉಳಿಯುತ್ತದೆ. ಆ ಅಂಚು ಒಂದಿಷ್ಟು ಬದಲಾದರೂ ಹಳೆಯ ವಿದ್ಯಾರ್ಥಿಗಳು ರೇಗುತ್ತಾರೆ.

ಇಷ್ಟು ರೇಗುವ ಬಣ್ಣ ಬಂದದ್ದೆಲ್ಲಿಂದ? ಚಾಪೆಲ್ ಹಿಲ್‌ನಲ್ಲಿ ಹಿಂದೆ ವಿದ್ಯಾರ್ಥಿಗಳ ಎರಡು ಚರ್ಚಾಸಂಘಗಳಿದ್ದವು. ಒಂದರ ಗುರುತು ತಿಳಿನೀಲಿ, ಇನ್ನೊಂದರದು ಬಿಳಿ. ಎರಡೂ ಸೇರಿ ವಿಶ್ವವಿದ್ಯಾಲಯದ ಬಣ್ಣವಾಯಿತು. ಡ್ಯೂಕ್ ಇನ್ನೂ ಟ್ರಿನಿಟಿ ಕಾಲೇಜಾಗಿದ್ದಾಗ ಅದರ ಅಧ್ಯಕ್ಷರಾಗಿದ್ದ ಜಾನ್ ಕ್ರೋವೆಲ್ ಯೇಲ್‌ನಲ್ಲಿ ಓದಿದವರು, ತಮ್ಮ ಹಳೆಯ ಕಾಲೇಜಿನ ಕಡುನೀಲಿಯನ್ನೇ ಇಲ್ಲಿಗೂ ತಂದರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಕಥೆ ಇನ್ನೂ ಸ್ವಾರಸ್ಯದ್ದು. ಇವತ್ತು ಅಲ್ಲಿನ ಗುಮ್ಮಟದಡಿ ಎತ್ತ ನೋಡಿದರೂ ಕಿತ್ತಳೆಯೇ. ತಂಡದ ಹೆಸರೇ ‘ಆರೆಂಜ್’. ಆದರೆ 1870ರ ದಶಕದಲ್ಲಿ ಆ ವಿಶ್ವವಿದ್ಯಾಲಯ ಮೊದಲು ಆರಿಸಿಕೊಂಡದ್ದು ಗುಲಾಬಿ ಮತ್ತು ಬಟಾಣಿ ಹಸಿರು! ಕಿತ್ತಳೆ ಬಂದದ್ದು 1890ರಲ್ಲಿ. ಇವತ್ತು ಮುಟ್ಟಬಾರದ ಸಂಪ್ರದಾಯವೆನಿಸಿದ್ದು ಅವತ್ತು ಯಾರೋ ಕೆಲವರ ಹೊಸ ಹುಚ್ಚು.

ಇಂಡಿಯಾನಾ ರಾಜ್ಯದ ಬ್ಲೂಮಿಂಗ್‌ಟನ್‌ಗೆ ಹೋದರೆ ಸಂಪ್ರದಾಯದ ಗಟ್ಟಿ ಕೋಟೆ ಕಾಣುತ್ತದೆ. ಅಸೆಂಬ್ಲಿ ಹಾಲ್‌ನ ಕಡಿದಾದ ಮೆಟ್ಟಿಲುಗಳ ತುಂಬ ಕಿರಮಂಜಿ ಕೆಂಪು. ಸೂರಿನಿಂದ ಇಳಿಬಿಟ್ಟ ಐದು ರಾಷ್ಟ್ರೀಯ ಪ್ರಶಸ್ತಿಗಳ ಪತಾಕೆ. ಆಟಗಾರರ ಜರ್ಸಿಯ ಮೇಲೆ ಕಾಲೇಜಿನ ಹೆಸರು ಮತ್ತು ಸಂಖ್ಯೆ, ಅಷ್ಟೆ. ಬೆನ್ನ ಮೇಲೆ ಹೆಸರು ಬರೆಯುವ ಪದ್ಧತಿ ಇಲ್ಲಿಲ್ಲ. ಎಂಥ ತಾರೆಯೇ ಆಗಲಿ, ಎದೆಯ ಮೇಲಿನ ಹೆಸರಿಗಾಗಿ ಆಡಬೇಕು. ಆದರೆ ಪಂದ್ಯಕ್ಕೆ ಮುನ್ನ ಮೈ ಬಿಸಿಮಾಡಿಕೊಳ್ಳಲು ಇದೇ ಹುಡುಗರು ಹೊರಬರುವುದು ಕೆಂಪು ಬಿಳಿ ಉದ್ದಪಟ್ಟೆಗಳ ಪ್ಯಾಂಟಿನಲ್ಲಿ. ಸರ್ಕಸ್ಸಿನವರಂತೆ ಕಾಣುವ ಈ ‘ಕ್ಯಾಂಡಿ ಸ್ಟ್ರೈಪ್’ ತೊಟ್ಟು ಅವರು ಬಂದೊಡನೆ ಅಜ್ಜ, ಮೊಮ್ಮಗ ಒಟ್ಟಿಗೇ ಎದ್ದು ನಿಲ್ಲುತ್ತಾರೆ. ಆ ಪ್ಯಾಂಟು ಶುರುವಾದದ್ದು 1970ರ ದಶಕದಲ್ಲಿ, ಶಿಸ್ತಿಗೂ ಸಿಡುಕಿಗೂ ಹೆಸರಾದ ಬಾಬ್ ನೈಟ್ ಕೋಚ್ ಆಗಿದ್ದಾಗ. ಆ ಕಾಲದ ಫ್ಯಾಷನ್ ಐವತ್ತು ವರ್ಷ ಬಾಳಿ, ಈಗ ಮಡಿಬಟ್ಟೆಯೇ ಆಗಿಬಿಟ್ಟಿದೆ.

ಬಟ್ಟೆಯಲ್ಲಿ ಹೊಸತು ಮಾಡಿದ ಆಟಗಾರನೊಬ್ಬನನ್ನು ನೋಡಬೇಕೆಂದರೆ 1977ರ ಮಾರ್ಚ್‌ಗೆ, ಅಟ್ಲಾಂಟಾದಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಫೈನಲ್‌ಗೆ ಹೋಗಬೇಕು. ಮಿಲ್‌ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದವರು ಜರ್ಸಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಯೇ ಇಲ್ಲ. ಕಾಲೇಜಿನ ಹೆಸರು ಎದೆಯ ಮೇಲಿಲ್ಲ, ಸೊಂಟದ ಕೆಳಗೆ ಜರ್ಸಿಯ ಅಂಚಿನಲ್ಲಿದೆ. ಆ ವಿನ್ಯಾಸ ತಂಡದ ಆಟಗಾರ ಬೋ ಎಲಿಸ್‌ನದೇ. ಅವನು ಫ್ಯಾಷನ್ ವಿನ್ಯಾಸ ಕಲಿಯುತ್ತಿದ್ದ ಹುಡುಗ. ಅಂದು ಮಾರ್ಕೆಟ್ 67–59ರಿಂದ ನಾರ್ತ್ ಕ್ಯಾರೊಲಿನಾವನ್ನು ಸೋಲಿಸಿತು. ಕೋಚ್ ಆಲ್ ಮೆಕ್‌ಗ್ವಾಯರ್ ತಮ್ಮ ಕೊನೆಯ ಪಂದ್ಯದ ಬೆಂಚಿನಲ್ಲಿ ಕೂತು ಅತ್ತುಬಿಟ್ಟರು. ಮುಂದೆ ಜರ್ಸಿಯನ್ನು ಒಳಗೆ ಸಿಕ್ಕಿಸಲೇಬೇಕೆಂಬ ನಿಯಮ ಬಂತು.

ಆ ಫೈನಲ್‌ನಲ್ಲಿ ಸೋತ ಬೆಂಚಿನಲ್ಲಿದ್ದ ಕೋಚ್ ಡೀನ್ ಸ್ಮಿತ್. 1991ರಲ್ಲಿ ತಂಡಕ್ಕೆ ಹೊಸ ಜರ್ಸಿ ಬೇಕೆನಿಸಿದಾಗ ಅವರು ಕರೆದದ್ದು ಅಲೆಕ್ಸಾಂಡರ್ ಜೂಲಿಯನ್ ಅವರನ್ನು. ಜೂಲಿಯನ್ ಹೆಸರಾಂತ ವಸ್ತ್ರವಿನ್ಯಾಸಕ, ಮೇಲಾಗಿ ಚಾಪೆಲ್ ಹಿಲ್‌ನ ಮಗ. ಅಪ್ಪನ ಬಟ್ಟೆ ಅಂಗಡಿ ಅದೇ ಊರಿನ ಫ್ರಾಂಕ್ಲಿನ್ ಬೀದಿಯಲ್ಲಿತ್ತು. ತಿಳಿನೀಲಿಯ ತಂಟೆಗೆ ಅವರು ಹೋಗಲಿಲ್ಲ. ಪಕ್ಕೆಯ ಗುಂಟ, ಕಂಕುಳಿನಿಂದ ಚಡ್ಡಿಯ ತುದಿಯವರೆಗೆ, ಸ್ವೆಟರ್ ಮತ್ತು ಕಾಲುಚೀಲಗಳಲ್ಲಿ ಕಾಣುವ ಆರ್ಗೈಲ್ ವಜ್ರಾಕೃತಿಗಳ ಸಾಲನ್ನು ಇಳಿಸಿದರು. ಆಟಗಾರ ಕೈಯೆತ್ತಿ ಜಿಗಿದಾಗ ಆ ವಜ್ರಗಳು ಬಿಚ್ಚಿಕೊಳ್ಳುತ್ತವೆ.

ಅದೇ ವರ್ಷ ಮಿಷಿಗನ್‌ಗೆ ಐವರು ಹೊಸ ಹುಡುಗರು ಬಂದಿದ್ದರು: ಕ್ರಿಸ್ ವೆಬ್ಬರ್, ಜೇಲನ್ ರೋಸ್, ಜುವಾನ್ ಹೊವರ್ಡ್, ಜಿಮ್ಮಿ ಕಿಂಗ್, ರೇ ಜಾಕ್ಸನ್. ಮೆಕ್ಕೆಜೋಳದ ಹಳದಿ ಮತ್ತು ನೀಲಿ ಅವರ ಕಾಲೇಜಿನ ಹಳೆಯ ಬಣ್ಣ. ಅದನ್ನು ಹಾಗೇ ಇಟ್ಟುಕೊಂಡು ಅವರು ಚಡ್ಡಿಯನ್ನು ಮೊಣಕಾಲವರೆಗೆ ಜೋಲಿಸಿದರು, ಕಪ್ಪು ಕಾಲುಚೀಲ, ಕಪ್ಪು ಬೂಟು ತೊಟ್ಟರು. ಹಿರಿಯರು ಮೂಗು ಮುರಿದರು, ಊರೂರ ಹುಡುಗರು ಅದನ್ನೇ ತೊಟ್ಟರು. 1993ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಫೈನಲ್‌ನಲ್ಲಿ ಎದುರುಬದುರಾದದ್ದು ಈ ಜೋಲು ಚಡ್ಡಿ ಮತ್ತು ಆ ಆರ್ಗೈಲ್. ಗೆದ್ದದ್ದು ಆರ್ಗೈಲ್, 77–71. ಆದರೆ ಜೋಲು ಚಡ್ಡಿ ಆಮೇಲೆ ಎಲ್ಲ ಕಾಲೇಜುಗಳ ರೂಢಿಯಾಯಿತು.

ವಾಷಿಂಗ್‌ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ತೊಡುವುದು ನೀಲಿ ಮತ್ತು ಬೂದು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ನೀಲಿ ಉಟ್ಟಿದ್ದರು, ದಕ್ಷಿಣದವರು ಬೂದು. ಎರಡೂ ಕಡೆ ನಿಂತು ಹೋರಾಡಿದ ವಿದ್ಯಾರ್ಥಿಗಳಿದ್ದ ಕಾಲೇಜಿನ ದೋಣಿ ತಂಡ 1876ರಲ್ಲಿ, ದೇಶ ಒಂದಾದುದರ ಗುರುತಾಗಿ, ಎರಡನ್ನೂ ಒಟ್ಟಿಗೆ ತೊಟ್ಟಿತು. 1984ರಲ್ಲಿ ಈ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದ ಜಾನ್ ಥಾಂಪ್ಸನ್, ಆ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್. ತೊಂಬತ್ತರ ದಶಕದ ನಡುವೆ, ಆಲನ್ ಐವರ್ಸನ್ ಮಿಂಚಿನಂತೆ ಓಡುತ್ತಿದ್ದ ದಿನಗಳಲ್ಲಿ, ಈ ತಂಡದ ಜರ್ಸಿಯ ಅಂಚಿಗೆ ಪಶ್ಚಿಮ ಆಫ್ರಿಕಾದ ಕೆಂಟೆ ನೇಯ್ಗೆಯ ಚಿತ್ತಾರ ಬಂತು. ಒಂದೇ ಅಂಗಿಯಲ್ಲಿ ಆ ಯುದ್ಧದ ನೆನಪೂ ಆ ಯುದ್ಧ ಬಿಡಿಸಿದವರ ಬೇರೂ ಕೂಡಿಕೊಂಡವು.

ಇನ್ನು 2013ರ ಮಾರ್ಚ್. ಅಡಿಡಾಸ್ ಕಂಪನಿ ಆರು ಕಾಲೇಜುಗಳಿಗೆ ಒಂದೇ ಅಚ್ಚಿನ ಹೊಸ ಉಡುಪು ಹೊಲಿಸಿತು. ಚಡ್ಡಿಯ ಮೇಲೆ ಹುಲಿಪಟ್ಟೆಯಂಥ ಗೀರು, ಕಣ್ಣಿಗೆ ಕುಕ್ಕುವ ಬಣ್ಣ. ಲೂಯಿವಿಲ್‌ನ ಕೆಂಪು ಕೆಂಡವಾಯಿತು. ನೋತ್ರ್ ಡೇಮ್‌ನ ನೀಲಿ ಚಿನ್ನದ ಜಾಗದಲ್ಲಿ, ಪುಸ್ತಕದಲ್ಲಿ ಸಾಲು ಗುರುತು ಹಾಕುವ ಪೆನ್ನಿನ ನಿಂಬೆಹಸಿರು ಬಂತು. ಟಿವಿಯ ಮುಂದೆ ಕೂತವರು ಕಣ್ಣುಜ್ಜಿಕೊಂಡರು. ಯಾವ ಊರಿನ ನೆನಪೂ ಆ ಗೀರುಗಳಲ್ಲಿರಲಿಲ್ಲ. ಅದು ಋತುವಿನ ಸರಕು, ಋತುವಿನ ಜೊತೆಗೇ ಹೋಯಿತು.

ಕಂಪನಿಯ ಕೈ ತಾಕಿದ ಮಾತ್ರಕ್ಕೆ ಎಲ್ಲವೂ ಕೆಡುತ್ತದೆ ಎಂದೂ ಅಲ್ಲ. ಒರೆಗಾನ್ ವಿಶ್ವವಿದ್ಯಾಲಯ ನೈಕಿ ಕಟ್ಟಿದ ಫಿಲ್ ನೈಟ್ ಓದಿದ ಜಾಗ. 2011ರಲ್ಲಿ ತೆರೆದ ಅಲ್ಲಿನ ಅಂಕಣದ ನೆಲಕ್ಕೆ ನೈಕಿಯ ಟಿಂಕರ್ ಹ್ಯಾಟ್‌ಫೀಲ್ಡ್ ಕಾಡು ಬರೆದರು. ನಾಲ್ಕೂ ಕಡೆ ಫರ್ ಮರಗಳ ನೆರಳು, ನಡುವೆ ಬಯಲು. ನಡುಗೆರೆ ಎಲ್ಲಿದೆ ಎಂದು ನೋಡುಗರು ಗೊಣಗಿದರು. ಆದರೆ ಆ ಕಾಡಿಗೆ ಕಾರಣವಿತ್ತು. 1939ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಮೊತ್ತಮೊದಲ ಚಾಂಪಿಯನ್ ಪಟ್ಟ ಗೆದ್ದ ಒರೆಗಾನ್ ತಂಡವನ್ನು ಜನ ಕರೆದದ್ದೇ ‘ಟಾಲ್ ಫರ್ಸ್’ ಎಂದು.

ಅಗಲಿದವರ ನೆನಪಿಗೂ ಬಣ್ಣ ಬದಲಾಗುತ್ತದೆ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಕೇ ಯೌ ಸ್ತನ ಕ್ಯಾನ್ಸರಿನೊಂದಿಗೆ ಸೆಣಸುತ್ತಲೇ ತರಬೇತಿ ಕೊಟ್ಟು 2009ರಲ್ಲಿ ತೀರಿಕೊಂಡರು. ಅವರ ನೆನಪಿಗೆ ದೇಶದ ಎಷ್ಟೋ ಮಹಿಳಾ ತಂಡಗಳು ಫೆಬ್ರವರಿಯಲ್ಲಿ ತಮ್ಮ ಬಣ್ಣ ಬಿಟ್ಟು ಗುಲಾಬಿ ತೊಡುತ್ತವೆ. ಸಂಪ್ರದಾಯ ಕೆಟ್ಟಿತೆಂದು ಅದಕ್ಕೆ ಯಾರೂ ತಗಾದೆ ತೆಗೆಯುವುದಿಲ್ಲ.

ಸಂಪ್ರದಾಯ ದೊಡ್ಡದೋ ಹೊಸತು ದೊಡ್ಡದೋ ಎಂಬ ಜಗಳ ಹಾಗಾಗಿ ಟೊಳ್ಳು. ಬಟ್ಟೆ ತೊಡಿಸುವವರು ಬರುತ್ತಾರೆ, ಹೋಗುತ್ತಾರೆ. ಅಂಡರ್ ಆರ್ಮರ್ 2016ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಜೊತೆ 15 ವರ್ಷಕ್ಕೆ 28 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು, 2020ರಲ್ಲೇ ಕೈತೊಳೆದುಕೊಳ್ಳಲು ಹೊರಟಿತು. ಯುಸಿಎಲ್‌ಎಯ ನೀಲಿ ಮತ್ತು ಚಿನ್ನದ ಬಣ್ಣ ಹಾಗೇ ಇದೆ. ಊರಿನವರು, ಆಡುವವರು, ಅಗಲಿದವರ ನೆನಪು ಹೊತ್ತವರು ಮಾಡಿದ ಹೊಸತು ನಾಳೆಯ ಸಂಪ್ರದಾಯವಾಗುತ್ತದೆ. ಅಂಗಡಿಯ ಕಪಾಟು ತುಂಬಲು ಮಾಡಿದ್ದು ರಿಯಾಯಿತಿ ಮಾರಾಟದಲ್ಲಿ ಮುಗಿಯುತ್ತದೆ. ಮುಂದಿನ ಮಾರ್ಚ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ನೋಡಲು ಕೂತರೆ, ಬಣ್ಣ ಚೆಂದವೋ ಅಲ್ಲವೋ ಎಂಬುದನ್ನು ಆಮೇಲೆ ತೀರ್ಮಾನಿಸಿ. ಇದನ್ನು ಆರಿಸಿದವರು ಯಾರು ಎಂದು ಮೊದಲು ಕೇಳಿ.