ಕೆಲಸಕ್ಕೊಂದು ಪಟ್ಟಿ, ಕಾಲಕ್ಕೊಂದು ಗೆರೆ

ಚೆನ್ನೈ ಮೆಟ್ರೋದ ಮೊದಲ ಹಂತದ ಕಾಮಗಾರಿ 2009ರಲ್ಲಿ ಶುರುವಾಯಿತು. ಕಂಬಗಳ ಮೇಲೆ ಸಾಗುವ ಕೊಯಂಬೇಡು–ಆಲಂದೂರು ಮಾರ್ಗದಲ್ಲಿ 2015ರ ಜೂನ್ 29ರಂದು ರೈಲು ಓಡಿತು. ಅಣ್ಣಾ ಸಾಲೈ ಅಡಿಯ ಸುರಂಗವೂ ಮುಗಿದು, 45 ಕಿಲೋಮೀಟರಿನ ಆ ಹಂತ ಪೂರ್ತಿಯಾದದ್ದು 2019ರ ಫೆಬ್ರವರಿ 10ರಂದು. ಒಂದೇ ಊರಿನ ಒಂದೇ ಯೋಜನೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚಿನ ಈ ಅಂತರ ಏಕೆ ಬಂತು? ಸುರಂಗದ ಗುತ್ತಿಗೆಯೊಂದು ನಡುವೆಯೇ ಮುರಿದು ಉಳಿದ ಕೆಲಸಕ್ಕೆ ಮತ್ತೆ ಟೆಂಡರ್ ಕರೆಯಬೇಕಾಯಿತು. ಅದರ ಜೊತೆಗೆ ಕೆಲಸದ ಸ್ವಭಾವವೂ ಬೇರೆ. ಕಂಬದ ಮಾರ್ಗದಲ್ಲಿ ಒಂದೆಡೆ ಅಡಿಪಾಯ ತೋಡುವಾಗಲೇ ಇನ್ನೊಂದೆಡೆ ಕಂಬ ಏಳಬಹುದು, ದೂರದ ಅಂಗಳದಲ್ಲಿ ಕಾಂಕ್ರೀಟ್ ತುಂಡುಗಳ ಎರಕ ನಡೆಯಬಹುದು. ಸುರಂಗದಲ್ಲಿ ಹಾಗಾಗದು. ಮೊದಲು ಗುಂಡಿ ತೋಡಿ, ಯಂತ್ರ ಇಳಿಸಿ, ಮರಳು, ಜೇಡಿ, ಬಂಡೆ ಬೆರೆತ ನೆಲವನ್ನು ಕೊರೆದು ಮುಗಿಸಿದ ಮೇಲೆಯೇ ಹಳಿಯ ಸರದಿ.

ಈ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಬಾರ್ ಚಾರ್ಟ್. ಪೋಲೆಂಡಿನ ಕಾರೊಲ್ ಅದಾಮೆಯೆಟ್ಸ್ಕಿ 1896ರಲ್ಲೇ ಇಂಥದ್ದನ್ನು ರೂಪಿಸಿದ್ದರು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದದ್ದರಿಂದ ಇದಕ್ಕೆ ಗ್ಯಾಂಟ್ ಚಾರ್ಟ್ ಎಂಬ ಹೆಸರೇ ನಿಂತಿದೆ.

ಬರೆಯಲು ಕಂಪ್ಯೂಟರ್ ಬೇಕಿಲ್ಲ, ಚೌಕುಳಿ ಹಾಳೆ ಸಾಕು. ಚೆನ್ನೈನ ಶಾಲೆಯೊಂದಕ್ಕೆ ಎರಡು ಕೋಣೆ ಕಟ್ಟಬೇಕಿದೆ ಎನ್ನೋಣ. ಎಡಗಡೆ ಮೇಲಿನಿಂದ ಕೆಳಕ್ಕೆ ಕೆಲಸಗಳ ಹೆಸರು, ಮೇಲ್ಗಡೆ ಉದ್ದಕ್ಕೂ ವಾರಗಳು, ಪ್ರತಿ ಕೆಲಸದ ಎದುರು ಅದು ಹಿಡಿಯುವ ವಾರಗಳಷ್ಟು ಉದ್ದದ ಅಡ್ಡ ಪಟ್ಟಿ. ಪಾಯಕ್ಕೆ 3 ವಾರ, ಗೋಡೆಗೆ 4, ಸೆಂಟ್ರಿಂಗ್ ಕಟ್ಟಿ ತಾರಸಿ ಹಾಕಲು 2, ಅದಕ್ಕೆ ನೀರುಣಿಸಿ ಹಲಗೆ ಬಿಚ್ಚಲು 2, ಗಾರೆಗೆ 2, ನೆಲಕ್ಕೂ ಬಣ್ಣಕ್ಕೂ 3. ಒಂದರ ಪಟ್ಟಿ ಮುಗಿದಲ್ಲಿಂದ ಮುಂದಿನದರ ಪಟ್ಟಿ ಎಳೆದರೆ ಒಟ್ಟು 16 ವಾರ. ಬಡಗಿ ಕದಗಳನ್ನು ಮಾಡಲು 4 ವಾರ ಕೇಳುತ್ತಾನೆ. ಕದ ಬೇಕಾಗುವುದು ಗಾರೆ ಮುಗಿದ ಮೇಲೆ, 14ನೇ ವಾರಕ್ಕೆ. ಅವನು ಮೊದಲ ವಾರವೇ ಕೈಹಚ್ಚಿದರೆ 9 ವಾರ ಬಿಡುವು ಉಳಿಯುತ್ತದೆ. ಬಡಗಿ ಎರಡು ವಾರ ತಡಮಾಡಿದರೂ ಕಟ್ಟಡಕ್ಕೆ ತೊಂದರೆಯಿಲ್ಲ, ಗೋಡೆ ಒಂದು ವಾರ ತಡವಾದರೆ ಶಾಲೆಯೇ ಒಂದು ವಾರ ಕಾಯಬೇಕು. ಯಾರ ಬೆನ್ನು ಹತ್ತಬೇಕು, ಯಾರನ್ನು ಅವರ ಪಾಡಿಗೆ ಬಿಡಬಹುದು ಎಂಬುದು ಇಲ್ಲೇ ತಿಳಿಯುತ್ತದೆ. ಈ ಚಾರ್ಟಿನ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ.

ಇನ್ನು ಮಳೆ. ಕರ್ನಾಟಕದಿಂದ ಚೆನ್ನೈಗೆ ಹೋದವರು ಇಲ್ಲಿ ಎಡವುವುದುಂಟು. ನಮ್ಮ ಲೆಕ್ಕಾಚಾರವೆಲ್ಲ ಜೂನ್‌ನ ಮುಂಗಾರಿನದು. ಚೆನ್ನೈಗೆ ಮಳೆ ಸುರಿಯುವುದು ಮುಖ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. 2015ರ ಡಿಸೆಂಬರ್‌ನಲ್ಲಿ ನಗರವೇ ಮುಳುಗಿತ್ತು. ಜೂನ್ ಮೊದಲ ವಾರ ಪಾಯ ತೋಡಿದರೆ ನಮ್ಮ ಕೋಣೆಗಳು ಸೆಪ್ಟೆಂಬರ್ ಕೊನೆಯೊಳಗೆ ಮುಗಿಯುತ್ತವೆ. ಆಗಸ್ಟ್‌ವರೆಗೆ ಕಾದರೆ ತಾರಸಿ ಹಾಕುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ, ಗಾರೆ ಕೆಲಸ ಮಳೆಗೆ ಸಿಕ್ಕಿಬೀಳುತ್ತದೆ. ಹಾಳೆಯ ಮೇಲೆ ಮಳೆಯ ತಿಂಗಳುಗಳಿಗೆ ನೀಲಿ ಬಳಿದುಬಿಟ್ಟರೆ ಈ ಅಪಾಯ ಮೊದಲ ದಿನವೇ ಕಾಣುತ್ತದೆ.

ಚಾರ್ಟಿಗೆ ಮಿತಿಯೂ ಇದೆ. ಕೆಲಸಗಳು ನೂರಾರು ಆದಾಗ ಯಾವುದು ಯಾವುದಕ್ಕೆ ಕಾದಿದೆ ಎಂಬುದು ಬರೀ ಪಟ್ಟಿಗಳಿಂದ ಗೊತ್ತಾಗದು. ಆ ಕೊರತೆಗಾಗಿಯೇ 1950ರ ದಶಕದ ಕೊನೆಗೆ ಕೆಲಸಗಳನ್ನು ಬಾಣಗಳಿಂದ ಬೆಸೆಯುವ ಜಾಲ ವಿಧಾನಗಳು ಬಂದವು. ಇಂದಿನ ತಂತ್ರಾಂಶಗಳು ಎರಡನ್ನೂ ಒಟ್ಟಿಗೆ ತೋರಿಸುತ್ತವೆ.

ಮಿತಿಗಿಂತ ಕೆಟ್ಟದ್ದು ಉದಾಸೀನ. ಸೈಟ್ ಆಫೀಸಿನ ಗೋಡೆಗೆ ಅಂಟಿಸಿ, ಆಮೇಲೆ ಯಾರೂ ಪೆನ್ಸಿಲ್ ತಾಗಿಸದ ಚಾರ್ಟಿನಿಂದ ಯಾರಿಗೂ ಪ್ರಯೋಜನವಿಲ್ಲ. ಈ ದಿನವನ್ನು ಸೂಚಿಸುವ ಉದ್ದಗೆರೆ ವಾರವಾರವೂ ಬಲಕ್ಕೆ ಸರಿಯಬೇಕು, ಆದಷ್ಟು ಕೆಲಸಕ್ಕೆ ಪಟ್ಟಿಯೊಳಗೆ ಬಣ್ಣ ತುಂಬಬೇಕು. ಬಣ್ಣ ಗೆರೆಯಿಂದ ಹಿಂದೆ ಬಿದ್ದರೆ ಕೆಲಸ ಹಿಂದೆ ಬಿದ್ದಿದೆ ಎಂದೇ ಅರ್ಥ. ಮನೆ ಕಟ್ಟಿಸುವವರು ಗುತ್ತಿಗೆದಾರರಿಂದ ಈ ಹಾಳೆಯನ್ನು ಕೇಳಿ ಪಡೆಯಿರಿ. ಪ್ರತಿ ಶನಿವಾರ ಬಟವಾಡೆಗೆ ಮುನ್ನ ಮೇಸ್ತ್ರಿಯ ಜೊತೆ ಅದರ ಮುಂದೆ ನಿಲ್ಲಿ. ಎಷ್ಟು ಮುಗಿಯಿತು ಎಂದರೆ "ಮುಕ್ಕಾಲು ಆಯ್ತು ಸಾರ್" ಎಂಬ ಉತ್ತರ ಬರುತ್ತದೆ. ಇನ್ನೆಷ್ಟು ದಿನ ಬೇಕು ಎಂದು ಕೇಳಿ, ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.