ಕಪಾಟಿನ ಮೂಲೆಯಲ್ಲಿ ಫ್ಯಾರಡೆ

ಕಮ್ಮಾರನ ಮಗ ಮೈಕೇಲ್ ಫ್ಯಾರಡೆ 1805ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಲಂಡನ್ನಿನ ಜಾರ್ಜ್ ರೀಬೋ ಎಂಬವರ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಹೊಲಿಗೆಗೆ ಬಂದ ಪುಸ್ತಕಗಳನ್ನೇ ಓದಿ ಓದಿ ವಿದ್ಯುತ್ತಿನ ಹುಚ್ಚು ಹತ್ತಿಸಿಕೊಂಡ. ಮೂರು ದಶಕ ಕಳೆದ ಮೇಲೆ, 1836ರಲ್ಲಿ, ಅದೇ ಫ್ಯಾರಡೆ 12 ಅಡಿ ಉದ್ದ, ಅಗಲ, ಎತ್ತರದ ಕೋಣೆಯೊಂದನ್ನು ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಹಾಕಿಸಿ, ಹೊರಗಿನಿಂದ ಜೋರಾಗಿ ವಿದ್ಯುದಾವೇಶ ಕೊಡಿಸಿ ತಾನು ಒಳಗೆ ಹೋಗಿ ಕೂತ. ಹೊರಮೈಯಿಂದ ಕಿಡಿ ಹಾರುತ್ತಿದ್ದರೂ ಒಳಗಿನ ಅವನ ಉಪಕರಣಗಳು ಅಲುಗಲಿಲ್ಲ. ಲೋಹದ ಪೆಟ್ಟಿಗೆಗೆ ಕೊಟ್ಟ ಆವೇಶ ಹೊರಮೈಯಲ್ಲೇ ನಿಲ್ಲುತ್ತದೆ, ಒಳಕ್ಕೆ ಇಳಿಯುವುದಿಲ್ಲ.

ಪುಸ್ತಕದಂಗಡಿಯ ಆ ಹುಡುಗ ಕಂಡುಕೊಂಡ ಈ ಸತ್ಯ ಇವತ್ತು ತೊಡಕು ತರುವುದು ಕಬ್ಬಿಣದ ಪುಸ್ತಕದ ಕಪಾಟಿಗೇ. ಹೊಸ ಮನೆಗೆ ಕಪಾಟು ಮಾಡಿಸುವವರು ಬಣ್ಣದ ಕಾರ್ಡು ಹಿಡಿದು ಮ್ಯಾಟ್ ಕಪ್ಪೋ ಸ್ಯಾಟಿನ್ ಬೂದುವೋ ಎಂದು ವಾರಗಟ್ಟಲೆ ಯೋಚಿಸುತ್ತಾರೆ. ಆ ಬಣ್ಣ ಕಪಾಟಿನ ಮೂಲೆಗೆ ಹೇಗೆ ತಲುಪುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಪೌಡರ್ ಕೋಟಿಂಗಿನಲ್ಲಿ ದ್ರವ ಬಣ್ಣವೇ ಇಲ್ಲ, ಥಿನ್ನರೂ ಇಲ್ಲ. ಪಾಲಿಯೆಸ್ಟರ್ ಅಥವಾ ಎಪಾಕ್ಸಿ ರಾಳ, ಅದನ್ನು ಗಟ್ಟಿ ಮಾಡುವ ರಾಸಾಯನಿಕ, ಬಣ್ಣದ ಪುಡಿ, ಇವನ್ನೆಲ್ಲ ಕರಗಿಸಿ ಬೆರೆಸಿ, ಆರಿಸಿ, ನುಣ್ಣಗೆ ಅರೆದಿರುತ್ತಾರೆ. ಒಂದೊಂದು ಕಣ ಸುಮಾರು 30ರಿಂದ 50 ಮೈಕ್ರಾನ್. ಗಾಳಿಯ ಒತ್ತಡದಿಂದ ಇದನ್ನು ಹಾರಿಸುವ ಗನ್ನಿನ ತುದಿಯಲ್ಲಿ ಸೂಜಿಯಂಥ ಎಲೆಕ್ಟ್ರೋಡ್ ಇದೆ. ಅದಕ್ಕೆ 60,000ದಿಂದ 1,00,000 ವೋಲ್ಟ್ ಕೊಡುತ್ತಾರೆ. ಹರಿಯುವ ಕರೆಂಟು ಮಾತ್ರ ಆಂಪಿಯರಿನ ಲಕ್ಷದಲ್ಲಿ ಕೆಲವೇ ಭಾಗ. ಸೂಜಿಯ ಸುತ್ತಲಿನ ಗಾಳಿ ಅಯಾನುಗಳಾಗಿ ಒಡೆಯುತ್ತದೆ, ಹಾದು ಹೋಗುವ ಪುಡಿಗೆ ಆವೇಶ ಅಂಟುತ್ತದೆ. ಕೊಕ್ಕೆಗೆ ತೂಗುಹಾಕಿದ ಕಪಾಟನ್ನು ಭೂಮಿಗೆ ಅರ್ತ್ ಮಾಡಿರುವುದರಿಂದ ಪುಡಿ ತಾನಾಗಿ ಅದರತ್ತ ಸೆಳೆಯಲ್ಪಡುತ್ತದೆ. ಕಂಬಿಯ ಮುಂದೆ ಗನ್ ಹಿಡಿದರೆ ಒಂದಿಷ್ಟು ಪುಡಿ ಸುತ್ತು ಹಾಕಿ ಹಿಂಬದಿಗೂ ಹೋಗಿ ಕೂರುವುದನ್ನು ನೋಡುವುದೇ ಒಂದು ಚೆಂದ. ಪದರ ದಪ್ಪವಾದ ಹಾಗೆ ಅದರಲ್ಲೇ ಆವೇಶ ತುಂಬಿಕೊಂಡು ಹೊಸ ಪುಡಿಯನ್ನು ದೂರ ತಳ್ಳುವುದರಿಂದ ಹೊದಿಕೆ ಮಿತಿಮೀರುವುದಿಲ್ಲ. ಬೆಂದ ಮೇಲೆ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಉಳಿಯುತ್ತದೆ.

ಇನ್ನು ಕಪಾಟಿನ ಆಕಾರ ನೋಡಿ. ಮೂರು ಕಡೆ ತಗಡು, ಮೇಲೆ ಕೆಳಗೆ ಹಲಗೆ, ಮುಂದೆ ಮಾತ್ರ ಬಾಯಿ. ಅಂದರೆ ಒಂದರ ಮೇಲೊಂದು ಪೇರಿಸಿದ ಪುಟ್ಟ ಪುಟ್ಟ ಫ್ಯಾರಡೆ ಕೋಣೆಗಳು. ಗನ್ನಿನಿಂದ ಹೊರಟ ವಿದ್ಯುತ್ ಬಲರೇಖೆಗಳು ಹತ್ತಿರ ಸಿಕ್ಕ ಅಂಚಿನ ಮೇಲೆಯೇ ಇಳಿದುಬಿಡುತ್ತವೆ. ಪುಡಿಯೂ ಅವುಗಳ ಹಿಂದೆಯೇ ಹೋಗುತ್ತದೆ. ಒಳಮೂಲೆಗೆ ಬರುವುದು ಚೂರುಪಾರು. ಹೊಸಬ ಆಪರೇಟರ್ ವೋಲ್ಟೇಜ್ ಏರಿಸುತ್ತಾನೆ, ಅಂಚಿನಲ್ಲಿ ಇನ್ನಷ್ಟು ಪುಡಿ ಗುಡ್ಡೆಯಾಗುತ್ತದೆ, ಮೂಲೆ ಹಾಗೇ ಉಳಿಯುತ್ತದೆ. ಪಳಗಿದವನು ವೋಲ್ಟೇಜನ್ನೂ ಗಾಳಿಯನ್ನೂ ಇಳಿಸಿ, ಮೊದಲು ಮೂಲೆಗಳನ್ನು ಮುಗಿಸಿ, ಆಮೇಲೆ ಬಯಲಿಗೆ ಬರುತ್ತಾನೆ. ಟೆಫ್ಲಾನ್ ಕೊಳವೆಯ ಒಳಮೈಗೆ ಉಜ್ಜಿ ಪುಡಿಗೆ ಆವೇಶ ಕೊಡುವ ಟ್ರೈಬೋ ಗನ್ ಕೂಡ ಇದೆ. ಅದರ ತುದಿಯಲ್ಲಿ ಹೈವೋಲ್ಟೇಜ್ ಸೂಜಿ ಇಲ್ಲದ ಕಾರಣ ಪುಡಿ ಮೂಲೆಯೊಳಗೆ ಸಲೀಸಾಗಿ ನುಗ್ಗುತ್ತದೆ.

ಇವೆಲ್ಲಕ್ಕಿಂತ ಸುಲಭದ ಉಪಾಯ ಫ್ಯಾಬ್ರಿಕೇಟರ್ ಕೈಯಲ್ಲಿದೆ. ಇಡೀ ಕಪಾಟನ್ನು ವೆಲ್ಡ್ ಮಾಡಿ ಕಳಿಸುವ ಬದಲು ಹಲಗೆ, ಪಕ್ಕದ ಚೌಕಟ್ಟು, ಹಿಂಬದಿಯ ತಗಡು ಬಿಡಿಬಿಡಿಯಾಗಿರಲಿ. ಕೋಟಿಂಗ್ ಆದ ಮೇಲೆ ಬೋಲ್ಟ್ ಹಾಕಿ ಜೋಡಿಸಲಿ. ಚಪ್ಪಟೆ ಹಲಗೆಗೆ ಮೂಲೆಯೇ ಇಲ್ಲವಲ್ಲ! ವೆಲ್ಡಿನ ಗೆರೆ ಕಾಣದ ಒಂದೇ ಅಚ್ಚಿನಂಥ ಕಪಾಟು ಬೇಕೆಂದು ಹಟ ಹಿಡಿಯುವ ವಿನ್ಯಾಸಕಾರರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.

ಅಂಚಿನದ್ದು ಇನ್ನೊಂದು ಕಥೆ. ಪುಡಿ ಅಲ್ಲಿ ಹೆಚ್ಚು ಕೂತರೂ ಒಲೆಯಲ್ಲಿ ಕರಗಿದಾಗ ಮೇಲ್ಮೈ ಎಳೆತಕ್ಕೆ ಸಿಕ್ಕಿ ಚೂಪು ಅಂಚಿನಿಂದ ಹಿಂದೆ ಸರಿದು ತೆಳ್ಳಗಾಗುತ್ತದೆ. ಲೇಸರಿನಲ್ಲಿ ಕತ್ತರಿಸಿದ ತಗಡಿನ ಅಂಚನ್ನು ಗ್ರೈಂಡ್ ಮಾಡಿ ದುಂಡಗಾಗಿಸದಿದ್ದರೆ ತುಕ್ಕು ಮೊದಲು ಹೊರಡುವುದು ಅಲ್ಲಿಂದಲೇ.

ಗನ್ನಿಗೆ ಮೊದಲು ತೊಟ್ಟಿಗಳ ಸಾಲಿದೆ. ನಮ್ಮಲ್ಲಿ ಅದನ್ನು ಸೆವೆನ್ ಟ್ಯಾಂಕ್ ಪ್ರೋಸೆಸ್ ಎನ್ನುತ್ತಾರೆ. ಜಿಡ್ಡು ತೆಗೆಯುವುದು, ಆಮ್ಲದಲ್ಲಿ ತುಕ್ಕು ಬಿಡಿಸುವುದು, ಫಾಸ್ಫೇಟ್ ಕೂರಿಸುವುದು, ನಡುನಡುವೆ ನೀರಿನಲ್ಲಿ ತೊಳೆಯುವುದು. ಫಾಸ್ಫೇಟ್ ಹರಳುಗಳ ಒರಟು ಪದರ ಬಣ್ಣಕ್ಕೆ ಹಿಡಿತ ಕೊಡುತ್ತದೆ, ಗೀರು ಬಿದ್ದಾಗ ತುಕ್ಕು ಬಣ್ಣದಡಿ ಹರಡದಂತೆ ತಡೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅಡಿಯಲ್ಲಿ ಹುಟ್ಟಿದರೆ ಮೇಲಿನ ಹೊದಿಕೆಯನ್ನು ಎತ್ತಿ ಹೊಪ್ಪಳೆ ಏಳಿಸುತ್ತದೆ. ಕಪಾಟಿಗೆ ಸ್ಕ್ವೇರ್ ಪೈಪು ಬಳಸಿದ್ದರೆ ನೀರು ಬಸಿಯುವ ತೂತು ಬಿಟ್ಟಿದ್ದಾರೋ ಎಂದು ನೋಡಿ. ಪೈಪಿನೊಳಗೆ ಉಳಿದ ಆಮ್ಲ ಆಮೇಲೆ ಒಳಗಿಂದೊಳಗೇ ಕೆಲಸ ಮಾಡುತ್ತಿರುತ್ತದೆ. ವೆಲ್ಡಿನ ಗುಳಿ ಮುಚ್ಚಲು ಮಾಮೂಲಿ ಪುಟ್ಟಿ ಬಳಿದು ಕೊಟ್ಟರೂ ತೊಂದರೆಯೇ. ಅದಕ್ಕೆ ವಿದ್ಯುತ್ತೂ ಹರಿಯದು, ಒಲೆಯ ಶಾಖವೂ ತಡೆಯದು.

ಒಲೆಯಲ್ಲಿ ಪುಡಿ ಕರಗುವುದಷ್ಟೇ ಅಲ್ಲ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಮತ್ತೆಂದೂ ಕರಗದ ಬಲೆಯಾಗುತ್ತವೆ. ಸಾಮಾನ್ಯ ಪುಡಿಗೆ 180ರಿಂದ 200 ಡಿಗ್ರಿ ಸೆಲ್ಸಿಯಸ್, ಹತ್ತು ಹದಿನೈದು ನಿಮಿಷ. ಇದು ಲೋಹದ ಶಾಖದ ಲೆಕ್ಕ, ಒಲೆಯ ಗಾಳಿಯದ್ದಲ್ಲ. ತೆಳು ತಗಡಿನ ಜೊತೆ ದಪ್ಪ ಆಂಗಲ್ಲನ್ನೂ ತೂಗುಹಾಕಿ ಒಂದೇ ಹೊತ್ತಿಗೆ ತೆಗೆದರೆ ಆಂಗಲ್ ಅರೆಬೆಂದಿರುತ್ತದೆ. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹೊದಿಕೆ ಮೆತ್ತಗಾಗಿ ಬಣ್ಣ ದಂಡಿಯಾಗಿ ಎದ್ದು ಬಂದರೆ ಬೆಂದಿಲ್ಲವೆಂದೇ ಅರ್ಥ. ಈ ಪರೀಕ್ಷೆಯನ್ನು ಒಂದು ಮಾದರಿ ತುಂಡಿನ ಮೇಲೆ ಮಾಡಿಸಿ.

ಪುಸ್ತಕದ ವಿಷಯದಲ್ಲಿ ಬೇಯುವುದು ಇನ್ನಷ್ಟು ಮುಖ್ಯ. ಒಲೆಯಲ್ಲಿ ಬೇಯಿಸುವ ದ್ರವ ಬಣ್ಣವಾದ ಎನಾಮೆಲ್ ಸರಿಯಾಗಿ ಬೇಯದಿದ್ದರೆ ಫಾರ್ಮಾಲ್ಡಿಹೈಡಿನಂಥ ಆವಿ ಬಿಡುತ್ತದೆ. ಅದು ಗಾಳಿಯಲ್ಲಿ ಫಾರ್ಮಿಕ್ ಆಮ್ಲವಾಗಿ ಕಾಗದವನ್ನು ಬಲಗುಂದಿಸಬಲ್ಲದು. ಹಳೆಯ ದಾಖಲೆ ಕಾಯುವ ಪತ್ರಾಗಾರಗಳು ಪೌಡರ್ ಕೋಟಿಂಗ್ ಆದ ಉಕ್ಕನ್ನು ಮೆಚ್ಚುವುದು ಇದಕ್ಕೇ. ಮನೆಯಲ್ಲೇ ಬ್ರಷ್ಷಿನಿಂದ ಆಯಿಲ್ ಪೇಂಟ್ ಬಳಿದರೆ ಮುಟ್ಟಿದಾಗ ಒಣಗಿದೆ ಅನ್ನಿಸಿದರೂ ಅದು ವಾರಗಟ್ಟಲೆ ಗಾಳಿಯ ಆಮ್ಲಜನಕ ಹೀರುತ್ತ ಆವಿ ಬಿಡುತ್ತಲೇ ಇರುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಕಪಾಟು ಖಾಲಿ ಇರಲಿ. ಬರಿಯ ಕಬ್ಬಿಣದ ಮೇಲೆ ಪುಸ್ತಕ ಇಡುವುದಂತೂ ಬೇಡ. ತುಕ್ಕಿನ ಕಲೆಯಲ್ಲಿರುವ ಕಬ್ಬಿಣವೇ ಸೆಲ್ಯುಲೋಸ್ ಒಡೆಯುವ ಕ್ರಿಯೆಗೆ ವೇಗ ಕೊಡುತ್ತದೆ.

ಈಗಿನ ಶೋರೂಮುಗಳಲ್ಲಿ ಕಣ್ಣು ಕೋರೈಸುವ ಚಿನ್ನದ ಬಣ್ಣದ ಚೌಕಟ್ಟು ಬೇರೆಯೇ ಜಾತಿ. ಅದನ್ನು ಪಿ.ವಿ.ಡಿ. ಎನ್ನುತ್ತಾರೆ. ನಿರ್ವಾತ ಕೋಣೆಯಲ್ಲಿ ಟೈಟೇನಿಯಂ ಲೋಹವನ್ನು ಆವಿಯಾಗಿಸಿ, ಸ್ವಲ್ಪ ನೈಟ್ರೋಜನ್ ಬಿಟ್ಟು, ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಟೈಟೇನಿಯಂ ನೈಟ್ರೈಡ್ ಕೂರಿಸುತ್ತಾರೆ. ಉಕ್ಕಿಗಿಂತ ಗಟ್ಟಿ, ಆದರೆ ದಪ್ಪ ಮೈಕ್ರಾನಿನ ಲೆಕ್ಕದಲ್ಲಿ ಒಂದೋ ಎರಡೋ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಡಿಯ ಪಾಲಿಶಿನಲ್ಲಿ ಕೊರತೆಯಿದ್ದರೆ ಹಾಗೇ ಎದ್ದು ಕಾಣುತ್ತದೆ. ಜೋಡಿಸುವಾಗ ಮತ್ತೆ ವೆಲ್ಡ್ ಮಾಡಿದರೆ ಆ ಜಾಗದ ಚಿನ್ನ ಹೋಯಿತೆಂದೇ ಲೆಕ್ಕ. ನಿಜವಾದ ಹಿತ್ತಾಳೆಯಾದರೆ ಕಿಲುಬು ಕಟ್ಟುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ. ಮೇಲೆ ಲ್ಯಾಕರ್ ಬಳಿದ ಹಿತ್ತಾಳೆ ಮಾತ್ರ ಗೀರು ಬಿದ್ದ ಕಡೆಯಿಂದ ಒಳಗೊಳಗೇ ಕಪ್ಪಾಗುತ್ತದೆ, ಹುಣಸೆಹಣ್ಣು ಅಲ್ಲಿಗೆ ತಲುಪುವುದಿಲ್ಲ. ನನಗೆ ಹಿತ್ತಾಳೆ ಹಿಡಿಕೆಗೆ ಸಾಕು, ಅದೂ ಲ್ಯಾಕರ್ ಇಲ್ಲದೆ.

ಕರಾವಳಿಯಲ್ಲಿ ಉಪ್ಪುಗಾಳಿಯ ಲೆಕ್ಕವೂ ಸೇರುತ್ತದೆ. ಮಂಗಳೂರು, ಕಾರವಾರದ ಕಡಲಂಚಿನ ಮನೆಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಮೇಲೂ ಕಂದು ಚುಕ್ಕೆ ಬರಬಹುದು. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ಹೆಚ್ಚು ತಾಳುತ್ತದೆ, ಬೆಲೆಯೂ ಹೆಚ್ಚು. ಆದರೆ ಊರು ಯಾವುದೇ ಇರಲಿ, ನಮ್ಮ ಮನೆಗಳಲ್ಲಿ ಕಪಾಟಿನ ಕಾಲಿಗೆ ನೀರು ತಾಗುವುದು ತಪ್ಪಿದ್ದಲ್ಲ, ನೆಲ ಒರೆಸುವ ಬಟ್ಟೆ ದಿನಾ ಅಲ್ಲಿಗೆ ಬರುತ್ತದೆ. ಪೈಪಿನ ಕಾಲಿನ ತುದಿ ತೆರೆದಿದ್ದರೆ ಫಿನೈಲ್ ನೀರು ಒಳಗೆ ಏರಿ, ಹೊರಗೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಒಳಗಿನಿಂದ ತಿನ್ನುತ್ತದೆ. ಕಾಲಿನ ತುದಿಗೆ ತಗಡು ಮುಚ್ಚಿ ವೆಲ್ಡ್ ಮಾಡಿಸಿ, ಅಡಿಗೆ ನೈಲಾನ್ ಬುಷ್ ಹಾಕಿಸಿ. ಬಸಿಯುವ ತೂತು ಬದಿಯಲ್ಲಿ, ಮುಚ್ಚಿದ ತುದಿಗೆ ಹತ್ತಿರವೇ ಇರಲಿ, ತೊಟ್ಟಿಯ ಕೆಲಸವೂ ಒಲೆಯ ಕೆಲಸವೂ ಮುಗಿದ ಮೇಲೆ ಅದಕ್ಕೊಂದು ರಬ್ಬರ್ ಬಿರಡೆ ಬೀಳಲಿ.