ಹಳೆಯ ಟ್ರೇಲರ್ ಮನೆಯ ನೀರಿನ ಕೊಳವೆ: ಯಾವ ಜೋಡಣೆ ಸರಿ?

ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನ ಬೆನ್ನ ಹಿಂದೆ ಬೆಳ್ಳಿ ಬಣ್ಣದ, ಮೂಲೆಗಳಿಲ್ಲದ ಪುಟ್ಟ ಮನೆಯೊಂದು ಸಾಗುವ ದೃಶ್ಯವನ್ನು ಚಿತ್ರಗಳಲ್ಲಾದರೂ ಕಂಡವರು ಅನೇಕರು. ಏರ್‌ಸ್ಟ್ರೀಮ್ ಎಂಬ ಈ ಅಲ್ಯೂಮಿನಿಯಂ ಟ್ರೇಲರ್‌ಗಳಿಗೆ 1930ರ ದಶಕದಲ್ಲಿ ನಾಂದಿ ಹಾಡಿದವರು ವಾಲಿ ಬಯಾಮ್. ಅವರ ಪ್ರಸಿದ್ಧ 'ಕ್ಲಿಪ್ಪರ್' ಮಾದರಿ ಹೊರಬಂದದ್ದು 1936ರಲ್ಲಿ. 1950, 60, 70ರ ದಶಕಗಳ ಇಂಥ ಟ್ರೇಲರ್‌ಗಳನ್ನು ಕೊಂಡು ನವೀಕರಿಸುವುದು ಅಲ್ಲಿ ಅನೇಕರ ಹವ್ಯಾಸ. ಆ ನಾಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಈ ಸಾಹಸಕ್ಕೆ ಕೈಹಾಕುವ ಆಲೋಚನೆಯಲ್ಲಿದ್ದರೆ, ಬಣ್ಣ ಮತ್ತು ಮೆತ್ತೆಗಳ ಆಯ್ಕೆಗೆ ಮುನ್ನ ನೀರಿನ ಕೊಳವೆಗಳತ್ತ ಗಮನ ಹರಿಸುವುದು ಲೇಸು.

ಕಾರಣ ಸರಳವಾಗಿದೆ. ಏರ್‌ಸ್ಟ್ರೀಮ್‌ನಂತಹ ಟ್ರೇಲರ್‌ನಲ್ಲಿ ಪ್ಲೈವುಡ್ ನೆಲವು ಮೇಲಿನ ಅಲ್ಯೂಮಿನಿಯಂ ಕವಚ ಮತ್ತು ಕೆಳಗಿನ ಉಕ್ಕಿನ ಚೌಕಟ್ಟಿನ ನಡುವೆ ಸಿಕ್ಕಿಕೊಂಡಿರುತ್ತದೆ. ಗೋಡೆಯೊಳಗಿನ ಒಂದು ಜೋಡಣೆ ಹನಿಹನಿಯಾಗಿ ಸೋರಿದರೆ ನೀರು ಹೊರಗೆ ಕಾಣಿಸುವುದಿಲ್ಲ, ನೆಲದ ಅಂಚಿನಲ್ಲಿ ಇಂಗುತ್ತದೆ. ಪ್ಲೈವುಡ್ ಕೊಳೆತ ಮೇಲೆ ಕವಚಕ್ಕೂ ಚೌಕಟ್ಟಿಗೂ ಇರುವ ಬಂಧ ಸಡಿಲಗೊಳ್ಳುತ್ತದೆ. ಅದನ್ನು ಸರಿಪಡಿಸಲು ಕೆಲವೊಮ್ಮೆ ಇಡೀ ಕವಚವನ್ನೇ ಮೇಲೆತ್ತಬೇಕಾಗುತ್ತದೆ. ಕೆಲವು ಡಾಲರ್ ಬೆಲೆಯ ಫಿಟ್ಟಿಂಗ್‌ನ ತಪ್ಪಿಗೆ ಸಾವಿರಾರು ಡಾಲರ್‌ಗಳ ದಂಡ!

ಮೊದಲು ಒಳಗಿರುವುದನ್ನು ಗುರುತಿಸಿ

ಹಳೆಯ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಬೆಸುಗೆ ಹಾಕಿದ ತಾಮ್ರದ ಕೊಳವೆಗಳಿರುತ್ತವೆ. ತಾಮ್ರ ದೀರ್ಘಕಾಲ ಬಾಳುವ ಲೋಹವೇನೋ ಹೌದು. ಆದರೆ ಕುಡಿಯುವ ನೀರಿನ ಕೊಳವೆಗೆ ಸೀಸ ಬೆರೆತ ಬೆಸುಗೆಯನ್ನು ಅಮೆರಿಕ ನಿಷೇಧಿಸಿದ್ದು 1986ರಲ್ಲಿ. ಅದಕ್ಕಿಂತ ಹಿಂದಿನ ಟ್ರೇಲರ್‌ನ ಪ್ರತಿ ಸಂದಿಯಲ್ಲೂ ಸೀಸ ಇರಬಹುದೆಂದೇ ಭಾವಿಸಬೇಕು. ಹಿತ್ತಾಳೆ ಫಿಟ್ಟಿಂಗ್‌ಗಳಿಗೆ ಸಂಬಂಧಿಸಿದ ಬಿಗಿಯಾದ ನಿಯಮ ಜಾರಿಗೆ ಬಂದದ್ದಂತೂ 2014ರ ಜನವರಿಯಲ್ಲಿ. ನೀರು ತಾಗುವ ಭಾಗದಲ್ಲಿ ಸೀಸದ ಸರಾಸರಿ ಪ್ರಮಾಣ ಶೇ. 0.25ನ್ನು ಮೀರಕೂಡದು. ಹಳೆಯ ದಾಸ್ತಾನಿನ ಅಗ್ಗದ ಫಿಟ್ಟಿಂಗ್ ಕೊಳ್ಳುವವರು ಇದನ್ನು ನೆನಪಿಡಬೇಕು.

1970ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ತಯಾರಾದ ಅಥವಾ ದುರಸ್ತಿಗೊಂಡ ಟ್ರೇಲರ್‌ನಲ್ಲಿ ಬೂದು ಬಣ್ಣದ ಬಳುಕುವ ಕೊಳವೆ ಕಂಡರೆ ಅದು ಬಹುತೇಕ ಪಾಲಿಬ್ಯುಟಿಲೀನ್. ನೀರಿನಲ್ಲಿರುವ ಕ್ಲೋರಿನ್‌ನಿಂದ ಈ ಕೊಳವೆಯೂ ಅದರ ಅಸಿಟಾಲ್ ಪ್ಲಾಸ್ಟಿಕ್ ಫಿಟ್ಟಿಂಗ್‌ಗಳೂ ಕಾಲಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತವೆ. ಅಮೆರಿಕದ ಮನೆಮಾಲೀಕರು ಹೂಡಿದ ಸಾಮೂಹಿಕ ದಾವೆ 1995ರಲ್ಲಿ ಸುಮಾರು 95 ಕೋಟಿ ಡಾಲರ್‌ಗಳ ಪರಿಹಾರ ಒಪ್ಪಂದದಲ್ಲಿ ಕೊನೆಗೊಂಡಿತು. ಇಂಥ ಕೊಳವೆಗೆ ತೇಪೆ ಹಾಕುವುದಕ್ಕಿಂತ ಪೂರ್ತಿಯಾಗಿ ಕಿತ್ತು ಹಾಕುವುದೇ ಜಾಣತನ. ಒಂದು ತುದಿಯನ್ನಾದರೂ ಉಳಿಸಿಕೊಳ್ಳಲೇಬೇಕಾದ ಪ್ರಸಂಗ ಬಂದರೆ ಪೆಕ್ಸ್ ಕೊಳವೆಗೆಂದು ಮಾಡಿದ ಫಿಟ್ಟಿಂಗ್ ಅನ್ನು ಅದಕ್ಕೆ ತುರುಕದೆ, ಎರಡನ್ನೂ ಬೆಸೆಯಲೆಂದೇ ತಯಾರಾದ ಕಪ್ಲಿಂಗ್ ಬಳಸಬೇಕು.

ಚಲಿಸುವ ಮನೆಗೆ ಚಲಿಸುವ ಕೊಳವೆ

ನಮ್ಮ ನಗರಗಳ ಮನೆಗಳಲ್ಲಿ ಬಿಸಿನೀರಿಗೆ ಸಿಪಿವಿಸಿ ಕೊಳವೆ ಹಾಕಿ, ಅಂಟುದ್ರವದಿಂದ ಎಲ್ಬೋ ಮತ್ತು ಟೀ ಕೂಡಿಸುವುದು ಎಲ್ಲರಿಗೂ ಪರಿಚಿತ. ನಿಂತಲ್ಲೇ ನಿಲ್ಲುವ ಮನೆಗೆ ಅದು ಸರಿ. ಆದರೆ ಟ್ರೇಲರ್ ಎಂದರೆ ಗಂಟೆಗಟ್ಟಲೆ ಕುಲುಕುವ ಮನೆ. ಬಿರುಸಾದ ಸಿಪಿವಿಸಿಯ ಅಂಟಿದ ಸಂದಿಗಳು ಆ ಕುಲುಕಾಟವನ್ನು ಬಹುಕಾಲ ತಾಳಲಾರವು. ತಾಮ್ರಕ್ಕೆ ಇನ್ನೂ ಎರಡು ತೊಡಕುಗಳಿವೆ. ಒಣಗಿದ ಮರ ಮತ್ತು ಉಷ್ಣನಿರೋಧಕದ ನಡುವೆ ಬೆಂಕಿಯ ಜ್ವಾಲೆ ಹಿಡಿದು ಬೆಸೆಯುವುದು ಅಪಾಯಕಾರಿ. ಜತೆಗೆ ತೇವವಿದ್ದಲ್ಲಿ ತಾಮ್ರ ಅಲ್ಯೂಮಿನಿಯಂಗೆ ತಾಗಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಸವೆಯುತ್ತದೆ.

ಈ ಕಾರಣಗಳಿಂದಲೇ ಇಂದು ಹೆಚ್ಚಿನವರು ಪೆಕ್ಸ್ ಎಂಬ, ಅಡ್ಡಬಂಧಿತ ಪಾಲಿಎಥಿಲೀನ್‌ನ ಕೊಳವೆಯನ್ನು ಆರಿಸುತ್ತಾರೆ. ಇದು ಬಾಗುತ್ತದೆ, ಆದ್ದರಿಂದ ಎಲ್ಬೋಗಳ ಸಂಖ್ಯೆ ತಗ್ಗುತ್ತದೆ. ಸೋರುವ ಜಾಗಗಳೂ ಅಷ್ಟೇ ಕಡಿಮೆ. 82 ಡಿಗ್ರಿ ಸೆಲ್ಸಿಯಸ್ ನೀರಿನಲ್ಲೂ 100 ಪಿಎಸ್‌ಐ ಒತ್ತಡ ತಾಳುವಂತೆ ಇದನ್ನು ತಯಾರಿಸಲಾಗುತ್ತದೆ. ಟ್ರೇಲರ್‌ನ 12 ವೋಲ್ಟ್ ಪಂಪ್ ಸಾಮಾನ್ಯವಾಗಿ 45ರಿಂದ 55 ಪಿಎಸ್‌ಐ ತಲುಪಿದೊಡನೆ ತಾನಾಗಿ ನಿಲ್ಲುತ್ತದೆ. ಶಿಬಿರತಾಣದ ನಲ್ಲಿಗೆ ನೇರವಾಗಿ ಜೋಡಿಸುವಾಗ ಮಾತ್ರ ಒತ್ತಡ ಎಷ್ಟಿರುತ್ತದೋ ಹೇಳಲಾಗದು. ಹಾಗಾಗಿ ಒತ್ತಡ ನಿಯಂತ್ರಕವನ್ನು ಮರೆಯಕೂಡದು.

ಪೆಕ್ಸ್ ಹೆಪ್ಪುಗಟ್ಟಿದರೂ ಒಡೆಯುವುದಿಲ್ಲ ಎಂಬ ಮಾತು ಅರ್ಧಸತ್ಯ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೊಳವೆ ಅದಕ್ಕೆ ತಕ್ಕಂತೆ ಹಿಗ್ಗೀತು, ಆದರೆ ಫಿಟ್ಟಿಂಗ್, ಕವಾಟ, ಪಂಪ್‌ಗಳು ಹಿಗ್ಗುವುದಿಲ್ಲ. ಚಳಿಗಾಲಕ್ಕೆ ಮುನ್ನ ನೀರನ್ನು ಬಸಿಯಲೇಬೇಕು. ಹೆಪ್ಪುನಿರೋಧಕ ತುಂಬುವುದಾದರೆ ಟ್ರೇಲರ್‌ಗೆಂದೇ ಮಾರುವ ಪ್ರೊಪಿಲೀನ್ ಗ್ಲೈಕಾಲ್‌ನದು ಮಾತ್ರ. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ.

ಉಂಗುರವೋ, ಹಿಗ್ಗಿಸುವುದೋ, ತಳ್ಳುವುದೋ?

ಪೆಕ್ಸ್ ಆಯ್ದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ಕೊಳವೆಯ ತುದಿಯನ್ನು ಫಿಟ್ಟಿಂಗ್‌ಗೆ ಹಿಡಿಸುವುದು ಹೇಗೆ?

ಕೈಯಿಂದ ತಳ್ಳಿದರೆ ಸಾಕು ಕಚ್ಚಿಕೊಳ್ಳುವ ಫಿಟ್ಟಿಂಗ್‌ಗಳು ಹೊಸಬರಿಗೆ ಅಚ್ಚುಮೆಚ್ಚು. ಉಪಕರಣ ಬೇಡ, ಬೇಕೆಂದಾಗ ಬಿಚ್ಚಲೂಬಹುದು. ಆದರೆ ಬೆಲೆ ದುಬಾರಿ, ಗಾತ್ರವೂ ದಪ್ಪ. ನೀರನ್ನು ತಡೆಯುವುದು ಒಂದು ರಬ್ಬರ್ ಉಂಗುರ; ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ, ಮೈಮೇಲೆ ಗೀರುಗಳಿದ್ದರೆ ಅದು ಸೋಲುತ್ತದೆ. ಕೈಗೆಟುಕುವ ಕಪಾಟಿನೊಳಗೆ, ದಾರಿಮಧ್ಯದ ತುರ್ತು ದುರಸ್ತಿಗೆ ಇದು ಉತ್ತಮ. ಗೋಡೆಯೊಳಗೆ ಮುಚ್ಚಿಬಿಡುವ ಜಾಗಕ್ಕೆ ಈ ಲೇಖಕನ ಮತ ಇದಕ್ಕಿಲ್ಲ.

ತಾಮ್ರದ ಉಂಗುರವನ್ನು ಸುತ್ತಲೂ ಅದುಮುವ ಕ್ರಿಂಪ್ ವಿಧಾನ ಅಗ್ಗ ಹಾಗೂ ನಂಬಿಕಸ್ಥ. ಸರಿಯಾಗಿ ಅದುಮಲಾಗಿದೆಯೇ ಎಂದು ಅಳತೆಪಟ್ಟಿಯಿಂದ ಪರೀಕ್ಷಿಸಲೂಬಹುದು. ತೊಂದರೆಯೆಂದರೆ ಅದರ ಇಕ್ಕಳದ ಉದ್ದನೆಯ ಹಿಡಿಗಳು. ಮಂಚದ ಕೆಳಗಿನ ಗೇಣಗಲದ ಸಂದಿಯಲ್ಲಿ ಅವನ್ನು ಅಗಲಿಸುವುದೇ ಕಷ್ಟ. ಇಲ್ಲಿ ಸ್ಟೇನ್‌ಲೆಸ್ ಉಕ್ಕಿನ ಕ್ಲ್ಯಾಂಪ್ ಉಂಗುರ ನೆರವಿಗೆ ಬರುತ್ತದೆ. ಉಂಗುರದ ಒಂದು ಕಿವಿಯನ್ನಷ್ಟೇ ಹಿಂಡಿದರೆ ಸಾಕು, ಹಲವು ಅಳತೆಗಳಿಗೆ ಒಂದೇ ಇಕ್ಕಳ ನಡೆಯುತ್ತದೆ. ಇಕ್ಕಟ್ಟಿನ ಟ್ರೇಲರ್‌ಗೆ ಇದೇ ಹೆಚ್ಚು ಒಪ್ಪುತ್ತದೆ.

ಕೊಳವೆಯ ತುದಿಯನ್ನೇ ಹಿಗ್ಗಿಸಿ ಫಿಟ್ಟಿಂಗ್ ಮೇಲೆ ಕೂರಿಸುವ, ಅದು ತಾನಾಗಿ ಕುಗ್ಗಿ ಬಿಗಿಯುವ ವಿಧಾನವೂ ಉಂಟು. ಒಳದಾರಿ ಕಿರಿದಾಗದು ಎಂಬುದು ಇದರ ಹೆಗ್ಗಳಿಕೆ. ಆದರೆ ಮುಖ್ಯವಾಗಿ 'ಎ' ವರ್ಗದ ಪೆಕ್ಸ್‌ಗಾಗಿಯೇ ರೂಪುಗೊಂಡ ಇದಕ್ಕೆ ದುಬಾರಿ ಉಪಕರಣ ಬೇಕು, ಚಳಿಯಲ್ಲಿ ಬಿಗಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹತ್ತಿಪ್ಪತ್ತು ಸಂದಿಗಳ ಟ್ರೇಲರ್‌ಗೆ ಇಷ್ಟು ವೆಚ್ಚ ಅಗತ್ಯವೇ?

ಪಂಪ್ ಮತ್ತು ನಲ್ಲಿಗಳ ಬಳಿ ಥ್ರೆಡ್‌ಗಳ ಗೊಂದಲ ಶುರುವಾಗುತ್ತದೆ. ರಬ್ಬರ್ ವಾಷರ್ ಇರುವ ಕೈತಿರುಪಿನ ನಟ್‌ಗೆ ಟೆಫ್ಲಾನ್ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ವಾಷರ್. ಮೊನಚಾಗುತ್ತ ಹೋಗುವ ಎನ್‌ಪಿಟಿ ಥ್ರೆಡ್‌ಗೆ ಟೇಪ್ ಬೇಕೇ ಬೇಕು. ಲೋಹದ ಥ್ರೆಡ್ಡನ್ನು ಪ್ಲಾಸ್ಟಿಕ್ ಫಿಟ್ಟಿಂಗ್‌ನೊಳಗೆ ಬಲವಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಊರಿನಿಂದ ಆಸೆಪಟ್ಟು ಹಿತ್ತಾಳೆ ನಲ್ಲಿ ಒಯ್ಯುವವರಿಗೆ ಒಂದು ಕಿವಿಮಾತು: ಭಾರತದ್ದು ಬಿಎಸ್‌ಪಿ ಥ್ರೆಡ್, ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಮೊದಲು ಕೂರುವಂತೆ ಕಾಣುತ್ತದೆ, ಆಮೇಲೆ ಸೋರುತ್ತದೆ.

ಕೊಳವೆಯು ಅಲ್ಯೂಮಿನಿಯಂ ಪಟ್ಟಿಯನ್ನು ಹಾದುಹೋಗುವ ಪ್ರತಿ ರಂಧ್ರಕ್ಕೂ ರಬ್ಬರ್ ಗ್ರಾಮೆಟ್ ಹಾಕಬೇಕು. ಬಿಸಿಲಿಗೆ ಪೆಕ್ಸ್ ಹಾಳಾಗುವುದರಿಂದ ಸುರುಳಿಯನ್ನು ಅಂಗಳದಲ್ಲಿ ಬಿಡಬಾರದು.

ಗೋಡೆ ಮುಚ್ಚುವ ಮುನ್ನ ಟ್ಯಾಂಕ್ ತುಂಬಿ, ನಲ್ಲಿಗಳನ್ನು ಮುಚ್ಚಿ, ಪಂಪ್ ಚಾಲೂ ಮಾಡಿ ಒಂದು ರಾತ್ರಿ ಅಲ್ಲೇ ಮಲಗಿ. ಯಾರೂ ನಲ್ಲಿ ತೆರೆಯದಿದ್ದರೂ ಪಂಪ್ ಆಗಾಗ ಗುರುಗುಟ್ಟಿದರೆ ಎಲ್ಲೋ ನೀರು ಹೋಗುತ್ತಿದೆ ಎಂದೇ ಅರ್ಥ. ಅದು ಮೌನವಾಗಿದ್ದರೆ ಟ್ರೇಲರ್ ಅನ್ನು ಒಂದಷ್ಟು ದೂರ ಒರಟು ರಸ್ತೆಯಲ್ಲಿ ಎಳೆದುಕೊಂಡು ಹೋಗಿ ಬನ್ನಿ. ಮರುದಿನ ಪ್ರತಿ ಸಂದಿಯ ಕೆಳಗೂ ಒಣ ಕಾಗದ ಒತ್ತಿ ನೋಡಿ, ಬಳಿಕವೇ ಗೋಡೆಯ ಹಲಗೆಗಳನ್ನು ಕೂರಿಸಿ.